ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿಲಿಕಾ ಸರೋವರದ ಯಾವ ದಡಕ್ಕೆ ಹೋಗಬೇಕು?

ಪ್ರಶ್ನೆ: ಜನವರಿಯಲ್ಲಿ ವಯಸ್ಸಾದ ತಂದೆ ತಾಯಿ ಹಾಗೂ ಇಬ್ಬರು ಮಕ್ಕಳೊಂದಿಗೆ ಒಡಿಶಾಕ್ಕೆ ಹೊರಟಿದ್ದೇವೆ. ಪ್ರವಾಸ ಸಂಸ್ಥೆಯವರು ಕೊಟ್ಟ ಪಟ್ಟಿಯಲ್ಲಿ ಪುರಿ ಮತ್ತು ಕೋಣಾರ್ಕಗಳ ನಡುವೆ ಚಿಲಿಕಾ ಸರೋವರಕ್ಕೆ ಅರ್ಧ ದಿನ ಮಾತ್ರ ಇಟ್ಟಿದ್ದಾರೆ. ಅಷ್ಟು ಸಾಕೇ? ಸಾಲದಿದ್ದರೆ ನಾಲ್ಕು ದಿನಗಳನ್ನು ಹೇಗೆ ಹಂಚಿಕೊಳ್ಳಬಹುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು. ಚಿಲಿಕಾ ಒಂದು ಕಡೆ ನಿಂತು ನೋಡಿ ಮುಗಿಸುವ ಕೆರೆಯಲ್ಲ. ಪುರಿ, ಖೋರ್ಧಾ ಮತ್ತು ಗಂಜಾಂ ಎಂಬ ಮೂರು ಜಿಲ್ಲೆಗಳ ನಡುವೆ ಹರಡಿರುವ ಈ ಸವಳು ನೀರಿನ ಸರೋವರ ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರ್‌ಗೆ ಕುಗ್ಗಿ, ಮಳೆಗಾಲದಲ್ಲಿ 1,100 ಚದರ ಕಿಲೋಮೀಟರ್‌ಗೂ ಮೀರಿ ಹಿಗ್ಗುತ್ತದೆ. ಅದರ ಒಂದೊಂದು ದಡದಲ್ಲಿ ಕಾಣಸಿಗುವುದು ಒಂದೊಂದು ಬಗೆ. ಪುರಿಯಿಂದ ಸುಮಾರು 50 ಕಿಲೋಮೀಟರ್ ದೂರದ ಸಾತಪಾಡಾದಲ್ಲಿ ಡಾಲ್ಫಿನ್‌ಗಳಿವೆ. ಉತ್ತರದ ಮಂಗಳಾಜೋಡಿಯಲ್ಲಿ ಹಕ್ಕಿಗಳಿವೆ. ಪಶ್ಚಿಮದ ಬಾರಕುಲ್‌ನಿಂದ ಕಾಲಿಜಾಯಿ ದೇವಿಯ ದ್ವೀಪಕ್ಕೆ ದೋಣಿಗಳು ಹೊರಡುತ್ತವೆ. ದಕ್ಷಿಣದ ರಂಭಾದಲ್ಲಿ ಗುಡ್ಡಗಳು ನೀರಿನವರೆಗೂ ಇಳಿದು ಬಂದಿವೆ. ತಮ್ಮ ಪಟ್ಟಿಯಲ್ಲಿರುವುದು ಬಹುಶಃ ಸಾತಪಾಡಾ ಒಂದೇ. ಕೋಣಾರ್ಕ ಪುರಿಯ ಈಶಾನ್ಯಕ್ಕೂ ಸಾತಪಾಡಾ ನೈರುತ್ಯಕ್ಕೂ ಇರುವುದರಿಂದ, ಎರಡನ್ನೂ ಒಂದೇ ದಿನದಲ್ಲಿ ಸೇರಿಸಿದರೆ ಹಿರಿಯರು ದಿನದ ಬಹುಭಾಗವನ್ನು ವಾಹನದಲ್ಲೇ ಕಳೆಯಬೇಕಾಗುತ್ತದೆ.

ನಾನು ಸೂಚಿಸುವುದು ಹೀಗೆ. ಮೊದಲ ದಿನ ಭುವನೇಶ್ವರದಿಂದ ಹೊರಟು, ದಾರಿಯಲ್ಲಿ ಅಶೋಕನ ಬಂಡೆಶಾಸನವಿರುವ ಧೌಲಿಯನ್ನು ನೋಡಿಕೊಂಡು, ಸಂಜೆಗೆ ಮಂಗಳಾಜೋಡಿ ಅಥವಾ ಅದರ ಸಮೀಪದ ಟಾಂಗಿಯನ್ನು ತಲುಪಿ ತಂಗಿರಿ. ಮರುದಿನ ಸೂರ್ಯೋದಯಕ್ಕೆ ಮಂಗಳಾಜೋಡಿಯ ಜೌಗಿನಲ್ಲಿರಬೇಕು. ಅಲ್ಲಿ ಎಂಜಿನ್ ದೋಣಿಗಳಿಲ್ಲ. ಉದ್ದನೆಯ ಗಳದಿಂದ ತಳ್ಳುವ ನಾಡದೋಣಿಯಲ್ಲಿ ಕುಳಿತು ಹುಲ್ಲಿನ ನಡುವಿನ ಕಾಲುವೆಗಳಲ್ಲಿ ಸಾಗುವಾಗ ಹಕ್ಕಿಗಳು ಕೆಲವೇ ಮಾರು ದೂರದಲ್ಲಿ ಹೆದರದೆ ಮೇಯುತ್ತಿರುತ್ತವೆ. ಸೂಜಿಬಾಲದ ಬಾತುಗಳು, ಗೊರವಗಳು, ನೇರಳೆ ಜಂಬುಕೋಳಿಗಳು ಧಾರಾಳವಾಗಿ ಕಾಣುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಿಲಿಕಾದಲ್ಲೂ ಬೀಡುಬಿಡುತ್ತವೆ. ಇಲ್ಲಿಯ ಹಕ್ಕಿಗಳಿಗೆ ಮನುಷ್ಯರ ಭಯ ಇಷ್ಟು ಕಡಿಮೆ ಇರುವುದಕ್ಕೆ ಕಾರಣ ಆ ಊರಿನವರೇ. ಒಂದು ಕಾಲದಲ್ಲಿ ಹಕ್ಕಿಗಳ ಬೇಟೆಗೆ ಹೆಸರಾಗಿದ್ದ ಈ ಊರಿನಲ್ಲಿ ಬೇಟೆಯಾಡುತ್ತಿದ್ದವರೇ ಕಾವಲುಗಾರರೂ ಮಾರ್ಗದರ್ಶಕರೂ ಆದರು. ಆದ್ದರಿಂದ ದೋಣಿಯನ್ನೂ ಮಾರ್ಗದರ್ಶಕರನ್ನೂ ಊರಿನವರಿಂದಲೇ ಪಡೆಯಿರಿ. ಆ ಹಣ ಹಕ್ಕಿಗಳನ್ನು ಕಾಯುವ ಮನೆಗಳಿಗೆ ತಲುಪುತ್ತದೆ.

ಅಂದೇ ಮಧ್ಯಾಹ್ನ ಬಾರಕುಲ್‌ಗೆ ಹೋಗಿ ಎರಡು ರಾತ್ರಿ ಅಲ್ಲೇ ಉಳಿಯಿರಿ. ಹೌರಾ–ಚೆನ್ನೈ ರೈಲುಮಾರ್ಗ ಮತ್ತು ಹೆದ್ದಾರಿ ಎರಡೂ ಸರೋವರದ ಈ ಪಶ್ಚಿಮ ಅಂಚಿನಲ್ಲೇ ಹಾದುಹೋಗುವುದರಿಂದ, ಹತ್ತಿರದ ಬಾಲುಗಾಂವ್‌ನಲ್ಲಿ ಔಷಧವೋ ವೈದ್ಯರೋ ಬೇಕಾದರೆ ಪರದಾಡಬೇಕಾಗಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಲಿಜಾಯಿಗೆ ಹೋಗಿಬನ್ನಿ. ಆದರೆ ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ, ದೋಣಿಗಳು ಕಿಕ್ಕಿರಿಯುತ್ತವೆ. ಹಿರಿಯರ ದೃಷ್ಟಿಯಿಂದ ಆ ದಿನಗಳನ್ನು ಬಿಡುವುದು ಲೇಸು. ಸರೋವರದೊಳಗಿನ ನಲಬನ ಪಕ್ಷಿಧಾಮವನ್ನು ದೋಣಿಯಲ್ಲಿದ್ದುಕೊಂಡು ದೂರದಿಂದಲೇ ನೋಡಬೇಕು. ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಮೇಲೇಳುವ ಆ ಕೆಸರಿನ ದ್ವೀಪವೇ ಹಕ್ಕಿಗಳ ಊಟದ ಬಯಲು. ನಾಲ್ಕನೆಯ ದಿನವನ್ನು ರಂಭಾಕ್ಕೆ ಕೊಡಿ. ಪುರಿ ಮತ್ತು ಕೋಣಾರ್ಕಗಳಿಗೆ ಬೇರೆ ದಿನಗಳನ್ನು ಹೊಂದಿಸಿಕೊಳ್ಳಲು ಸಾಧ್ಯವಾದರೆ ಹೊಂದಿಸಿಕೊಳ್ಳಿ. ಸಾಧ್ಯವಾಗದಿದ್ದರೆ ರಂಭಾವನ್ನು ಬಿಡಬಹುದು, ಮಂಗಳಾಜೋಡಿಯ ಬೆಳಗನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಸಾತಪಾಡಾದಲ್ಲಿ ದೋಣಿಗಳು ಡಾಲ್ಫಿನ್‌ಗಳನ್ನು ಬೆನ್ನಟ್ಟಿ ಹೋಗುತ್ತವೆ ಎಂದು ಕೇಳಿದ್ದೇನೆ. ಹಾಗಿದ್ದರೆ ಅಲ್ಲಿಗೆ ಹೋಗುವುದೇ ತಪ್ಪಲ್ಲವೇ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಹೋಗುವುದು ತಪ್ಪಲ್ಲ, ಬೆನ್ನಟ್ಟುವುದು ತಪ್ಪು. ಚಿಲಿಕಾದಲ್ಲಿರುವುದು ಇರಾವಡಿ ಡಾಲ್ಫಿನ್. ಇದಕ್ಕೆ ಚಿತ್ರಗಳಲ್ಲಿ ಕಾಣುವಂಥ ಉದ್ದ ಮೂತಿಯಿಲ್ಲ, ದುಂಡನೆಯ ಹಣೆಯಿದೆ. ಆಕಾಶಕ್ಕೆ ನೆಗೆದು ಆಟ ತೋರಿಸುವ ಸ್ವಭಾವವೂ ಇದರದಲ್ಲ. ಉಸಿರಿಗಾಗಿ ಬೆನ್ನನ್ನಷ್ಟೇ ಮೇಲೆತ್ತಿ ಮತ್ತೆ ಮುಳುಗುತ್ತದೆ. ಇತ್ತೀಚಿನ ಗಣತಿಗಳ ಪ್ರಕಾರ ಇಡೀ ಸರೋವರದಲ್ಲಿ ಇವುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ಎಂಜಿನ್ನಿನ ಸದ್ದು ಅವುಗಳ ಬೇಟೆಗೂ ಪರಸ್ಪರ ಸಂಪರ್ಕಕ್ಕೂ ಅಡ್ಡಿಯಾಗುತ್ತದೆ, ದೋಣಿಯ ಚಕ್ರದ ಅಲಗು ತಗುಲಿದರೆ ಗಾಯವಾಗುತ್ತದೆ. ನಾಲ್ಕಾರು ದೋಣಿಗಳು ಸುತ್ತುವರಿದರೆ ಉಸಿರಾಡಲು ಮೇಲೆ ಬರುವುದೇ ಅವಕ್ಕೆ ಅಪಾಯಕರವಾಗುತ್ತದೆ.

ದೋಣಿ ಹತ್ತುವ ಮೊದಲೇ ನಾವಿಕರಿಗೆ, ಡಾಲ್ಫಿನ್ ಕಂಡ ಕೂಡಲೇ ಎಂಜಿನ್ ನಿಲ್ಲಿಸಿ, ಹತ್ತಿರ ಹೋಗುವುದು ಬೇಡ, ಕಾಣಿಸದಿದ್ದರೂ ಒಪ್ಪಿದ ಬಾಡಿಗೆಯನ್ನು ಪೂರ್ತಿ ಕೊಡುತ್ತೇವೆ ಎಂದು ಹೇಳಿಬಿಡಿ. ಈ ಕೊನೆಯ ಮಾತು ಮುಖ್ಯ. ನಾವಿಕರು ಬೆನ್ನಟ್ಟುವುದು ಕ್ರೌರ್ಯದಿಂದಲ್ಲ. ಕಾಣಿಸದಿದ್ದರೆ ಪ್ರವಾಸಿಗರು ಜಗಳಕ್ಕಿಳಿಯುತ್ತಾರೆ ಎಂಬ ಅಂಜಿಕೆಯಿಂದ. ದಾರಿಯಲ್ಲಿ ಸಿಗುವ ಮರಳುದಿಬ್ಬದಲ್ಲಿ ಕಣ್ಣೆದುರೇ ಚಿಪ್ಪೊಡೆದು ಮುತ್ತು ತೆಗೆದು ಮಾರುವವರು ಬರಬಹುದು, ಕೊಳ್ಳಬೇಡಿ.

ಸಾತಪಾಡಾದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಅಳಿವೆ, ಅಂದರೆ ಸರೋವರ ಸಮುದ್ರಕ್ಕೆ ತೆರೆದುಕೊಳ್ಳುವ ಬಾಯಿ. ಚಿಲಿಕಾದ ಜೀವ ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಬೆರೆಯುವುದರಲ್ಲಿದೆ. ಹೂಳು ತುಂಬಿ ಸಮುದ್ರದ ದಾರಿ ಕಟ್ಟಿದಾಗ ಉಪ್ಪಿನಂಶ ಇಳಿದು, ಕಳೆ ಹಬ್ಬಿ, ಮೀನು ಕುಸಿಯಿತು. 1981ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದ ಈ ಸರೋವರವನ್ನು 1993ರಲ್ಲಿ ಅಪಾಯದಲ್ಲಿರುವ ಜೌಗುಪ್ರದೇಶಗಳ ದಾಖಲೆಗೆ ಸೇರಿಸಬೇಕಾಯಿತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಅಳಿವೆಯನ್ನು ತೋಡಿದ ಮೇಲೆ ಮೀನು ಮರಳಿತು, ಮೀನುಗಾರರು ಚೇತರಿಸಿಕೊಂಡರು, 2002ರಲ್ಲಿ ಆ ದಾಖಲೆಯಿಂದ ಚಿಲಿಕಾದ ಹೆಸರನ್ನು ತೆಗೆಯಲಾಯಿತು. ಕರಾವಳಿಯವರಾದ ನಿಮಗೆ ಅಳಿವೆ ಕಟ್ಟುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಡಾಲ್ಫಿನ್ ಕಾಣದಿದ್ದರೂ ಆ ನೀರಿನ ಕೂಟವನ್ನು ನೋಡಲು ಹೋಗಬೇಕು.

ಪ್ರಶ್ನೆ: ಧೌಲಿಯಲ್ಲಿ ಶಾಂತಿಸ್ತೂಪವನ್ನು ಬಿಟ್ಟರೆ ನೋಡುವಂಥದ್ದು ಹೆಚ್ಚೇನಿಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಅಲ್ಲಿಗೆ ಕರೆದೊಯ್ಯುವುದು ಉಪಯುಕ್ತವೇ?
– ಇತಿಹಾಸ ಶಿಕ್ಷಕರು, ಕಲಬುರಗಿ

ಉತ್ತರ: ಖಂಡಿತ ಕರೆದೊಯ್ಯಿರಿ, ಮತ್ತು ಸ್ತೂಪಕ್ಕಿಂತ ಮೊದಲು ಬಂಡೆಯ ಬಳಿಗೆ ಕರೆದೊಯ್ಯಿರಿ. ಗುಡ್ಡದ ಮೇಲಿನ ಬಿಳಿಯ ಸ್ತೂಪ 1972ರದು. ಕೆಳಗಿನ ಬಂಡೆಯಲ್ಲಿರುವುದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನ. ಅದರ ಮೇಲ್ಭಾಗದಲ್ಲಿ ಕಲ್ಲಿನೊಳಗಿಂದ ಹೊರಬರುತ್ತಿರುವಂತೆ ಆನೆಯ ಮುಂಭಾಗವನ್ನು ಕಡೆದಿದ್ದಾರೆ.

ಮಕ್ಕಳಿಗೆ ಅಲ್ಲಿ ಹೇಳಬೇಕಾದದ್ದು, ಆ ಬಂಡೆಯಲ್ಲಿ ಏನಿಲ್ಲ ಎಂಬುದು. ಅಶೋಕನ ಹದಿನಾಲ್ಕು ದೊಡ್ಡ ಬಂಡೆಶಾಸನಗಳಲ್ಲಿ ಕಳಿಂಗ ಯುದ್ಧದ ಸಾವುನೋವುಗಳನ್ನು, ತನ್ನ ಪಶ್ಚಾತ್ತಾಪವನ್ನು ಆತ ಹೇಳಿಕೊಂಡಿರುವುದು ಹದಿಮೂರನೆಯದರಲ್ಲಿ. ಕಳಿಂಗದ ಎರಡು ನೆಲೆಗಳಾದ ಧೌಲಿ ಮತ್ತು ಜೌಗಡಗಳಲ್ಲಿ ಹನ್ನೊಂದರಿಂದ ಹದಿಮೂರರವರೆಗಿನ ಶಾಸನಗಳನ್ನು ಬಿಟ್ಟು, ಅವುಗಳ ಬದಲಿಗೆ ಎರಡು ಪ್ರತ್ಯೇಕ ಶಾಸನಗಳನ್ನು ಕೊರೆಸಿದ್ದಾನೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಹೇಳಿ, ಜನರನ್ನು ವಿನಾಕಾರಣ ಸೆರೆಯಲ್ಲಿಡಬಾರದೆಂದು ಕಳಿಂಗದ ಆಡಳಿತ ಕೇಂದ್ರವಾಗಿದ್ದ ತೋಸಲಿಯ ಅಧಿಕಾರಿಗಳನ್ನು ಎಚ್ಚರಿಸುವ ಮಾತು ಇರುವುದು ಇವುಗಳಲ್ಲೇ. ಸೋತ ನಾಡಿನ ಜನರ ಮುಂದೆ ಗೆದ್ದ ದೊರೆ ಏನನ್ನು ಹೇಳಿದ, ಏನನ್ನು ಹೇಳದೆ ಬಿಟ್ಟ ಎಂಬ ಪ್ರಶ್ನೆಯನ್ನು ಬಂಡೆಯ ಎದುರಿನಲ್ಲೇ ಮಕ್ಕಳ ಮುಂದಿಡಿ. ಅದಕ್ಕೂ ಮೊದಲು ತಮ್ಮದೇ ಜಿಲ್ಲೆಯ ಸನ್ನತಿಯನ್ನು ಅವರಿಗೆ ತೋರಿಸಿದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಸಿಕ್ಕ ಕಲ್ಲಿನಲ್ಲೂ ಇದೇ ಎರಡು ಪ್ರತ್ಯೇಕ ಶಾಸನಗಳಿವೆ.

ಗುಡ್ಡದ ಕೆಳಗೆ ಹರಿಯುವ ದಯಾ ನದಿ ಯುದ್ಧದಲ್ಲಿ ರಕ್ತದಿಂದ ಕೆಂಪಾಯಿತೆಂದು ಮಾರ್ಗದರ್ಶಕರು ಹೇಳುತ್ತಾರೆ. ಇದು ಜನರ ನಂಬಿಕೆ. ಯುದ್ಧ ನಡೆದ ಸ್ಥಳವನ್ನು ಅಶೋಕನ ಶಾಸನ ಹೆಸರಿಸುವುದಿಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ. ದಯಾ ಮುಂದೆ ಹರಿದು ಸೇರುವುದು ಚಿಲಿಕಾವನ್ನೇ, ಆದ್ದರಿಂದ ಧೌಲಿಯಿಂದ ಸರೋವರದತ್ತ ಹೊರಡುವ ಪ್ರವಾಸ ಭೂಗೋಳದ ಪಾಠವೂ ಆಗುತ್ತದೆ. ಸಮಯವಿದ್ದರೆ ರಂಭಾದಿಂದ ಮುಂದುವರಿದು, ಪುರುಷೋತ್ತಮಪುರದ ಬಳಿ ಋಷಿಕುಲ್ಯಾ ನದಿಯ ಸಮೀಪವಿರುವ ಜೌಗಡವನ್ನೂ ನೋಡಿ. ಅಲ್ಲಿಗೆ ಪ್ರವಾಸಿಗರು ವಿರಳ, ಸೌಕರ್ಯಗಳೂ ಕಡಿಮೆ. ಮಕ್ಕಳಿಗೆ ಕುಡಿಯುವ ನೀರು, ತಿಂಡಿ ಮತ್ತು ಶಾಸನಗಳ ಕನ್ನಡ ಅನುವಾದದ ಪ್ರತಿಗಳನ್ನು ತಾವೇ ಜೊತೆಗೆ ಒಯ್ಯಬೇಕು.