ಐವತ್ತಕ್ಕೆ ಒಂದು ಕಡಿಮೆ

"ಮೂರು ವರ್ಷದಿಂದ ಒಂದೇ ಒಂದು ಹಳೆಯ ಕಾರ್ಡ್ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಬಿಟ್ಟುಬಿಡಲೇ? ಇಷ್ಟು ಕಾಲ ಹುಡುಕಿ ಪಡೆದವರು ಯಾರಾದರೂ ಇದ್ದೀರಾ?" ಎಂದು ಕೇಳಿದ್ದೀರಿ.

ಇದ್ದೇನೆ. ನನಗೆ ಹನ್ನೊಂದು ವರ್ಷ ಹಿಡಿಯಿತು. ಆದರೆ ನಾಚಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ಹುಡುಕಿದ್ದು ಕ್ರಿಕೆಟಿಗನ ಚಿತ್ರವಿದ್ದ ಒಂದು ಹಳೆಯ ಸಿಗರೇಟು ಕಾರ್ಡ್, ಅಪರೂಪದ ಕಾರ್ಡೇ ಅಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಜಾನ್ ಪ್ಲೇಯರ್ ಅಂಡ್ ಸನ್ಸ್ ಕಂಪನಿ 1930ರಲ್ಲಿ ತನ್ನ ಸಿಗರೇಟು ಪ್ಯಾಕೆಟ್‌ಗಳೊಳಗೆ ಐವತ್ತು ಕ್ರಿಕೆಟಿಗರ ಕಾರ್ಡ್‌ಗಳನ್ನು ಇಟ್ಟು ಮಾರಿತು. ಸುಮಾರು 68 ಮಿಲಿಮೀಟರ್ ಉದ್ದ, 36 ಮಿಲಿಮೀಟರ್ ಅಗಲ. ಮುಂದೆ ಬಣ್ಣದ ಚಿತ್ರ, ಹಿಂದೆ ಕ್ರಮಸಂಖ್ಯೆ ಮತ್ತು ಆಟಗಾರನ ಪರಿಚಯ. ಸಿಗರೇಟು ಕಾರ್ಡ್‌ಗಳು ಹುಟ್ಟಿದ್ದೇ ತೆಳುವಾದ ಕಾಗದದ ಪ್ಯಾಕೆಟ್ ಮುದುಡದಿರಲಿ ಎಂದು ಇಡುತ್ತಿದ್ದ ರಟ್ಟಿನ ತುಂಡಾಗಿ. ಆ ರಟ್ಟಿಗೆ ಚಿತ್ರ ಬಂತು, ಚಿತ್ರಕ್ಕೆ ಸರಣಿ ಬಂತು, ಸರಣಿಗೆ ನಮ್ಮಂಥ ಹುಚ್ಚರು ಬಂದರು. ಸೇದುವುದು ಅಪ್ಪ, ಕೂಡಿಹಾಕುವುದು ಮಗ. 1940ರ ಹೊತ್ತಿಗೆ ಯುದ್ಧಕಾಲದ ಕಾಗದದ ಅಭಾವದಿಂದ ಬ್ರಿಟನ್ನಿನಲ್ಲಿ ಈ ಕಾರ್ಡ್‌ಗಳು ನಿಂತುಹೋದವು.

ನನಗೆ ಆ ಸರಣಿ ಒಂದು ಹಳೆಯ ಆಲ್ಬಮ್‌ನಲ್ಲಿ ಸಿಕ್ಕಿತು. ನಲವತ್ತೊಂಬತ್ತು ಕಾರ್ಡ್‌ಗಳು, ಒಂದು ಖಾಲಿ ಜಾಗ. ಆ ಜಾಗದಲ್ಲಿ ಯಾರೋ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಪಟ್ಟಿ ಇಟ್ಟುಕೊಂಡು ನೋಡಿದೆ: ಕೆ.ಎಸ್. ದುಲೀಪ್‌ಸಿಂಹಜಿ, ಸಸೆಕ್ಸ್ ಕೌಂಟಿ.

ಬೇರೆ ಯಾರಾದರೂ ಆಗಿದ್ದರೆ ಬಹುಶಃ ಅಷ್ಟಕ್ಕೇ ಬಿಡುತ್ತಿದ್ದೆ. 1905ರಲ್ಲಿ ಹುಟ್ಟಿದ ದುಲೀಪ್, ರಣಜಿಯವರ ಸಹೋದರನ ಮಗ. 1930ರಲ್ಲಿಯೇ ನಾರ್ಥಾಂಪ್ಟನ್‌ಶೈರ್ ವಿರುದ್ಧ 333 ರನ್ ಹೊಡೆದರು. ಅದೇ ಬೇಸಿಗೆಯಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಪರ, ಆಸ್ಟ್ರೇಲಿಯದ ವಿರುದ್ಧ 173. ಇನ್ನೆರಡು ವರ್ಷಕ್ಕೆ, 1932ರಲ್ಲಿ, ಕ್ಷಯರೋಗ ಅವರ ಆಟವನ್ನೇ ಮುಗಿಸಿತು. ಒಟ್ಟು ಆಡಿದ್ದು 12 ಟೆಸ್ಟ್. ಅಂದರೆ ಆ ಕಾರ್ಡಿನ ಮೇಲಿರುವುದು ಮುಂದೇನು ಕಾದಿದೆ ಎಂದು ತಿಳಿಯದ ಇಪ್ಪತ್ತೈದರ ಹುಡುಗ. ಅವನನ್ನು ನೋಡಬೇಕು ಅನ್ನಿಸಿತು. ಇಂಟರ್‌ನೆಟ್‌ನಲ್ಲಿ ಚಿತ್ರ ನೋಡಬಹುದಿತ್ತಲ್ಲ ಎನ್ನಬೇಡಿ. ಈ ಪ್ರಶ್ನೆ ಕೇಳಿದ ನಿಮಗೆ ಅದರ ವ್ಯತ್ಯಾಸ ಗೊತ್ತಿರುತ್ತದೆ.

ಹಾಗಾದರೆ ಹನ್ನೊಂದು ವರ್ಷ ಏಕೆ? ಪ್ಲೇಯರ್ಸ್ ಕಂಪನಿ ಕಾರ್ಡ್‌ಗಳನ್ನು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿಸಿತ್ತು. ಇಡೀ ಸರಣಿಯೇ ಮಾರಾಟಕ್ಕೆ ಸಿಗುತ್ತದೆ. ಒಂದನ್ನು ಕೊಂಡು, ದುಲೀಪರನ್ನು ಎತ್ತಿಕೊಂಡು, ಉಳಿದದ್ದನ್ನು ಮಾರಿಬಿಟ್ಟಿದ್ದರೆ ಒಂದು ವಾರದ ಕೆಲಸ. ಆದರೆ ನಾನು ಒಂದು ಹಟ ಹಿಡಿದೆ. ತುಂಬಿದ ಸರಣಿಯನ್ನು ಒಡೆಯಬಾರದು, ಬಿಡಿ ಕಾರ್ಡೇ ಸಿಗಬೇಕು ಎಂದು. ನನ್ನ ಆಲ್ಬಮ್‌ನಿಂದ ಯಾರೋ ಒಂದನ್ನು ಕಿತ್ತುಕೊಂಡದ್ದಕ್ಕೇ ತಾನೆ ಈ ಪಾಡು. ಅದನ್ನೇ ಇನ್ನೊಂದು ಆಲ್ಬಮ್‌ಗೆ ಮಾಡುವುದು ಹೇಗೆ? ಕಾರ್ಡ್ ಅಪರೂಪದ್ದಾಗಿರಲಿಲ್ಲ, ಅಪರೂಪದ್ದು ನನ್ನ ನಿಯಮ. ನಿಮ್ಮ ಮೂರು ವರ್ಷಗಳ ಹಿಂದೆಯೂ ಇಂಥದ್ದೊಂದು ನಿಯಮ ಅಡಗಿರಬಹುದು, ಹುಡುಕಿ ನೋಡಿ.

ಹೀಗೆ ಬಿಡಿಯಾಗಿ ಮಾರುವ ಕಾರ್ಡ್‌ಗಳನ್ನು ಸಂಗ್ರಾಹಕರು 'ಆಡ್ಸ್' ಎನ್ನುತ್ತಾರೆ. ಆಡ್ಸ್ ಡಬ್ಬಿಗಳ ಸ್ವಭಾವವೇ ಬೇರೆ. ಅಲ್ಲಿ ಯಾರಿಗೂ ನೆನಪಿಲ್ಲದ ಕೌಂಟಿ ಬೌಲರುಗಳು ದಂಡಿಯಾಗಿ ಬಿದ್ದಿರುತ್ತಾರೆ. ಬ್ರಾಡ್‌ಮನ್ ಇರುವುದಿಲ್ಲ, ದುಲೀಪ್ ಇರುವುದಿಲ್ಲ. ಹೆಸರುವಾಸಿಗಳನ್ನು ಮೊದಲು ಬಂದವರು ಆರಿಸಿಕೊಂಡು ಹೋಗಿರುತ್ತಾರೆ. ಸಮನಾಗಿ ಅಚ್ಚಾದ ಐವತ್ತು ಮಂದಿ ಕಾಲ ಕಳೆದಂತೆ ಅಸಮನಾಗುವುದು ಹೀಗೆ.

ನಿಜವಾದ ಅಪರೂಪಗಳ ಕಥೆ ಬೇರೆ. ಅಮೆರಿಕದ ಟಿ206 ಎಂಬ ಸಿಗರೇಟು ಕಾರ್ಡ್ ಸರಣಿಯಲ್ಲಿ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಮುದ್ರಣ ಬೇಗನೆ ನಿಂತುಹೋದದ್ದರಿಂದ ಉಳಿದಿರುವುದು ಕೆಲವೇ ಹತ್ತುಗಳಷ್ಟು. 1952ರ ಟಾಪ್ಸ್ ಬೇಸ್‌ಬಾಲ್ ಸರಣಿಯ ಕೊನೆಯ ಭಾಗದ ಮಾರಾಟವಾಗದ ಪೆಟ್ಟಿಗೆಗಳನ್ನು 1960ರಲ್ಲಿ ಕಂಪನಿಯವರೇ ಅಟ್ಲಾಂಟಿಕ್ ಸಾಗರಕ್ಕೆ ಸುರಿದು ಬಂದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೌಡಿ ಎಂಬ ಚೂಯಿಂಗ್ ಗಮ್ ಕಂಪನಿಯ 1933ರ ಬೇಸ್‌ಬಾಲ್ ಸರಣಿಯ ತುಂಟತನ: 106ನೆಯ ಕಾರ್ಡನ್ನು ಅವರು ಆ ವರ್ಷ ಹೊರತರಲೇ ಇಲ್ಲ. ಮಕ್ಕಳು ಇಲ್ಲದ ಕಾರ್ಡಿಗಾಗಿ ಚೂಯಿಂಗ್ ಗಮ್ ಕೊಳ್ಳುತ್ತಲೇ ಇದ್ದರು. ಕೊನೆಗೆ 1934ರಲ್ಲಿ ಆ ಸಂಖ್ಯೆಗೆ ನ್ಯಾಪ್ ಲಾಜೊಯಿ ಎಂಬ ಆಟಗಾರನ ಕಾರ್ಡನ್ನು ಅಚ್ಚು ಹಾಕಿ, ಪತ್ರ ಬರೆದು ಕೇಳಿದವರಿಗೆ ಅಂಚೆಯಲ್ಲಿ ಕಳುಹಿಸಿದರು. ಹಾಗಾಗಿ ಮೊದಲು ಖಚಿತಪಡಿಸಿಕೊಳ್ಳಿ, ನೀವು ಹುಡುಕುತ್ತಿರುವುದು ನಿಜಕ್ಕೂ ಮುದ್ರಣವಾಗಿದೆಯೇ ಎಂದು. ತಮಾಷೆಗೆ ಹೇಳುತ್ತಿಲ್ಲ.

ನನ್ನ ಕೈಗೆ ಬಂದು ತಪ್ಪಿದ ತುತ್ತುಗಳು ನಾಲ್ಕು. ಎರಡು ಹರಾಜಿನಲ್ಲಿ ಹೋದವು, ಅವುಗಳ ಬಗ್ಗೆ ಹೇಳುವುದೇನೂ ಇಲ್ಲ. ಮೂರನೆಯದು ಮನೆಗೇ ಬಂತು. ಮುಂಭಾಗ ಹೊಳೆಯುತ್ತಿತ್ತು, ತಿರುಗಿಸಿದರೆ ಹಿಂಭಾಗವೇ ಇಲ್ಲ. ಯಾರೋ ಪುಟ್ಟ ಹುಡುಗ ಪುಸ್ತಕಕ್ಕೆ ಗೋಂದು ಹಚ್ಚಿ ಅಂಟಿಸಿದ್ದನ್ನು ಇನ್ಯಾರೋ ಕಿತ್ತಿದ್ದರು, ಬರಹವೆಲ್ಲ ಆ ಪುಸ್ತಕದಲ್ಲೇ ಉಳಿದಿತ್ತು. ಮಾರಿದವರು ಮುಂಭಾಗದ ಫೋಟೊ ಮಾತ್ರ ಹಾಕಿದ್ದರು, ನಾನು ಕೇಳಿರಲಿಲ್ಲ. ಹಿಂಭಾಗದ ಫೋಟೊ ಕೇಳದೆ ಏನನ್ನೂ ಕೊಳ್ಳಬೇಡಿ.

ನಾಲ್ಕನೆಯದು ಮರುಮುದ್ರಣ. ಇದು ಕಲಿಸಿದ್ದು ಹೆಚ್ಚು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಆಟಗಾರನ ಕೆನ್ನೆ ನೋಡಿ. ಹಳೆಯ ಲಿಥೊ ಮುದ್ರಣದಲ್ಲಿ ಚುಕ್ಕೆಗಳು ರಾಗಿ ಚೆಲ್ಲಿದಂತೆ ಅಡ್ಡಾದಿಡ್ಡಿ ಇರುತ್ತವೆ. ಈ ಕಾಲದ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಚುಕ್ಕೆಗಳು ಸಾಲು ಹಿಡಿದು ಪುಟ್ಟ ಪುಟ್ಟ ಹೂವಿನಂತೆ ಕೂತಿರುತ್ತವೆ. ಆಮೇಲೆ ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿಯಿರಿ. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳನ್ನು ಬೆರೆಸುವುದು ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1930ರ ಕಾರ್ಡ್ ನೀಲಿಯಾಗಿ ಮಿನುಗಬಾರದು. ನನ್ನದು ಮಿನುಗಿತು. ಅಳತೆಯನ್ನೂ ಮರೆಯಬೇಡಿ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡುವವರಿದ್ದಾರೆ. ಅದೇ ಸರಣಿಯ ಇನ್ನೊಂದು ಕಾರ್ಡನ್ನು ಪಕ್ಕಕ್ಕಿಟ್ಟರೆ ಕೂದಲೆಳೆಯಷ್ಟು ಕೊರತೆಯೂ ಕಾಣುತ್ತದೆ. ಕಾರ್ಡಿನ ಸ್ಥಿತಿ ಪರೀಕ್ಷಿಸಿ ದರ್ಜೆಯ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಕವಚದಲ್ಲಿದೆ ಎಂದು ಕಣ್ಣುಮುಚ್ಚಿ ನಂಬಬೇಡಿ. ಎಲ್ಲಕ್ಕಿಂತ ಪ್ರಸಿದ್ಧವಾದ ವ್ಯಾಗ್ನರ್ ಕಾರ್ಡಿಗೂ ಉತ್ತಮ ದರ್ಜೆಯ ಚೀಟಿ ಇತ್ತು. ಅದರ ಅಂಚನ್ನು ಕತ್ತರಿಸಿದ್ದು ನಾನೇ ಎಂದು ಅದನ್ನು ಹಿಂದೊಮ್ಮೆ ಮಾರಿದ್ದ ವ್ಯಾಪಾರಿ 2013ರಲ್ಲಿ ಒಪ್ಪಿಕೊಂಡರು.

ಇಷ್ಟೆಲ್ಲ ಪಾಂಡಿತ್ಯ ಬಂದ ಮೇಲೂ ಕಾರ್ಡ್ ಬರಲಿಲ್ಲ. ದುಲೀಪರ ಹೆಸರನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆದು ಹುಡುಕುತ್ತಿದ್ದೆ. ಈ ಉಪಾಯ ಒಳ್ಳೆಯದೇ, ಬೇರೆ ಕಾರ್ಡ್‌ಗಳು ಹಾಗೆ ಸಿಕ್ಕಿವೆ. ಮಾರುವವರಿಗೆ ಹೆಸರು ಸರಿಯಾಗಿ ಬರೆಯಲು ಬಾರದಿದ್ದರೆ ಪೈಪೋಟಿ ಕಡಿಮೆ. ಆದರೆ ಹೆಸರನ್ನೇ ಬರೆಯದವರನ್ನು ಏನು ಮಾಡುವುದು?

ಕೊನೆಗೆ ಸಿಕ್ಕಿದ್ದು ಅಂಥವರಿಂದಲೇ. "ಹಳೆಯ ಸಿಗರೇಟು ಕಾರ್ಡ್‌ಗಳು, ಹದಿನೈದು" ಎಂದಷ್ಟೇ ಬರೆದಿದ್ದರು. ಫೋಟೊದಲ್ಲಿ ಹಡಗು, ಹಕ್ಕಿ, ನಾಲ್ಕಾರು ಕ್ರಿಕೆಟಿಗರು. ಮೂರು ಕಾರ್ಡ್ ಬೋರಲಾಗಿ ಬಿದ್ದಿದ್ದವು. ಪುಟ ಸರಿಸಲು ಬೆರಳಿಟ್ಟವನು ನಿಂತೆ. ಬೋರಲಾದ ಒಂದು ಕಾರ್ಡಿನ ಹಿಂಬದಿ ಪ್ಲೇಯರ್ಸ್ 1930ರದ್ದು. ಅದರ ಮೇಲಿದ್ದ ಸಂಖ್ಯೆ, ಹನ್ನೊಂದು ವರ್ಷದಿಂದ ಆಲ್ಬಮ್ ತೆರೆದಾಗಲೆಲ್ಲ ನೋಡುತ್ತಿದ್ದ ಆ ಪೆನ್ಸಿಲ್ ಸಂಖ್ಯೆ. ಹೆಸರು ಓದಲು ಬರುತ್ತಿರಲಿಲ್ಲ, ಅಷ್ಟು ಮಸುಕು. ಹಿಂಭಾಗ ಕಂಡಿತ್ತು, ಈ ಸಲ ಮುಂಭಾಗದ ಫೋಟೊ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವರಿಗೆ ಅನುಮಾನ ಬರುತ್ತದೆ ಎಂದು ಹೆದರಿ, ನನ್ನದೇ ಬುದ್ಧಿವಾದವನ್ನು ಮೀರಿ ಕೊಂಡುಬಿಟ್ಟೆ.

ಬಂದ ಕಾರ್ಡಿನ ಮೇಲಂಚಿನಲ್ಲಿ ಗುಂಡುಸೂಜಿಯ ತೂತಿದೆ. ಯಾರೋ ಗೋಡೆಗೆ ಚುಚ್ಚಿಟ್ಟುಕೊಂಡಿದ್ದರು. ಮೊದಲ ವರ್ಷವಾಗಿದ್ದರೆ ಇದನ್ನು ನಾನು ಮುಟ್ಟುತ್ತಲೂ ಇರಲಿಲ್ಲ, ಆಗ ನನಗೆ ನಾಲ್ಕು ಮೂಲೆಯೂ ಚೂಪಾಗಿರಬೇಕಿತ್ತು. ಈಗ ಆಲ್ಬಮ್‌ನ ನಲವತ್ತೊಂಬತ್ತು ಕಾರ್ಡ್‌ಗಳ ನಡುವೆ ಅದೊಂದೇ ಗೋಡೆ ಕಂಡ ಕಾರ್ಡ್. ತೂತು ಟೋಪಿಗಿಂತ ಮೇಲಿದೆ, ಮುಖಕ್ಕೆ ಏನೂ ಆಗಿಲ್ಲ.

ಬಿಡಬೇಕೋ ಬೇಡವೋ ಎಂಬುದಕ್ಕೆ ನನ್ನ ಉತ್ತರ: ಹುಡುಕುವುದನ್ನು ಬಿಡಬೇಡಿ, ಗುಟ್ಟಾಗಿ ಹುಡುಕುವುದನ್ನು ಬಿಡಿ. ಬೇಕಾದ ಕಾರ್ಡಿನ ಹೆಸರು ಹೇಳಿದರೆ ಬೆಲೆ ಏರುತ್ತದೆ ಎಂಬ ಭಯ ನನಗೂ ಇತ್ತು; ಅದರಿಂದಲೇ ನಾಲ್ಕೈದು ವರ್ಷ ವ್ಯರ್ಥವಾಯಿತೇನೋ. ನಿಮ್ಮ ಪ್ರಶ್ನೆಯಲ್ಲಿ ನೀವೂ ಕಾರ್ಡಿನ ಹೆಸರು ಬರೆದಿಲ್ಲ. ಸರಣಿ, ವರ್ಷ, ಕ್ರಮಸಂಖ್ಯೆ ಮೂರನ್ನೂ ಕೆಳಗೆ ಬರೆಯಿರಿ. ಆ ಹದಿನೈದರ ಗಂಟಿನಲ್ಲಿ ನನಗೆ ಬೇಡದ ಹದಿನಾಲ್ಕು ಕಾರ್ಡ್‌ಗಳು ಇನ್ನೂ ಮೇಜಿನ ಮೇಲಿವೆ.