ಅರ್ಜನ್ ಸಿಂಗ್ ಲೇಖನ: ಸಂಜೆ ನಾಲ್ಕರಿಂದ ಶುರುಮಾಡಿ

ಪ್ರಿಯ ಲೇಖಕರೇ,

ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ ಅವರ ಬದುಕಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿದರೆ ನಿಲ್ಲುವ ಲೇಖನ ಇದು. ಕನ್ನಡದಲ್ಲಿ ಈ ಮನುಷ್ಯನ ಬಗ್ಗೆ ಸರಿಯಾದ ಬರಹ ಬರಬೇಕೆಂಬ ಆಸೆ ನಮಗೂ ಇದೆ. ಅದಕ್ಕೇ ಈ ಪತ್ರ ಉದ್ದವಾಗಿದೆ.

ಮೊದಲು ಲೆಕ್ಕ ನೋಡಿ. ನಿಮ್ಮದು 2,400 ಪದಗಳ ಲೇಖನ. ಹುಟ್ಟು, ಓದು, ಹುದ್ದೆ, ಪದಕಗಳಿಗೆ 1,700 ಪದ ಹೋಗಿವೆ. 1965ರ ಭಾರತ–ಪಾಕಿಸ್ತಾನ ಯುದ್ಧಕ್ಕೆ ಸಿಕ್ಕಿರುವುದು 350. ಉಳಿದದ್ದೆಲ್ಲ ವಿಶೇಷಣ. ಪೈಲಟ್ ಒಬ್ಬನ ಬದುಕು ಬರೆಯುವಾಗ ಅವನು ಹಾರಿಸಿದ ವಿಮಾನವೇ ಕಥೆ. ಸೇನಾ ಮುಖ್ಯಸ್ಥನ ಬದುಕಿನಲ್ಲಿ ಕಥೆ ಇರುವುದು ಅವನು ಕೊಟ್ಟ ಆದೇಶದಲ್ಲಿ. ಆ ಗಳಿಗೆಯಲ್ಲಿ ಅವನಿಗೆ ಏನು ಗೊತ್ತಿತ್ತು, ಕೈಯಲ್ಲಿ ಏನಿತ್ತು, ಆದೇಶದಿಂದ ಏನಾಯಿತು, ಯಾರು ಬೆಲೆ ತೆತ್ತರು? ನಿಮ್ಮ ಲೇಖನದಲ್ಲಿ ಅರ್ಜನ್ ಸಿಂಗ್ ಒಂದೇ ಒಂದು ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ. ಹುದ್ದೆಯಿಂದ ಹುದ್ದೆಗೆ ಏರುತ್ತಾ ಹೋಗುತ್ತಾರೆ, ಅಷ್ಟೆ.

ಲಯಾಲ್‌ಪುರದ ಬಾಲ್ಯದಿಂದ ಶುರುಮಾಡಬೇಡಿ. 1965ರ ಸೆಪ್ಟೆಂಬರ್ 1ರ ಸಂಜೆ ನಾಲ್ಕರಿಂದ ಶುರುಮಾಡಿ. ಅಂದು ನಸುಕಿನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಜಮ್ಮುವಿನ ಛಂಬ್ ವಲಯಕ್ಕೆ ನುಗ್ಗಿದ್ದವು. ಗುರಿ ಅಖ್ನೂರ್. ಅಖ್ನೂರ್ ಏಕೆ ಮುಖ್ಯ ಎಂದು ನೀವು ಹೇಳಿಲ್ಲ. ಅಲ್ಲಿ ಚೆನಾಬ್ ನದಿಗೆ ಸೇತುವೆ ಇದೆ, ಅದು ಕೈತಪ್ಪಿದರೆ ರಜೌರಿ–ಪೂಂಛ್ ಕಡೆಯ ನಮ್ಮ ಸೈನ್ಯಕ್ಕೆ ಸಾಮಾನು ಸಾಗಿಸುವ ದಾರಿ ಮುಚ್ಚುತ್ತದೆ. ಈ ಒಂದು ವಾಕ್ಯ ಇಲ್ಲದಿದ್ದರೆ ಮುಂದಿನ ಆತುರ ಓದುಗನಿಗೆ ಅರ್ಥವಾಗುವುದಿಲ್ಲ. ಭೂಸೇನಾ ಮುಖ್ಯಸ್ಥ ಜನರಲ್ ಜೆ.ಎನ್. ಚೌಧುರಿ ವಿಮಾನಗಳ ನೆರವು ಕೇಳಿದರು. ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಸಂಪುಟ ಸಭೆಗೆ ಕಾಯದೆ ಒಪ್ಪಿದರು. ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ಆಗಿನ ವಾಯುಪಡೆ ಮುಖ್ಯಸ್ಥ ಅರ್ಜನ್ ಸಿಂಗ್ ‘ಒಂದು ಗಂಟೆ’ ಎಂದರು. ಪಠಾಣ್‌ಕೋಟ್‌ನಿಂದ ನಮ್ಮ ಮೊದಲ ವ್ಯಾಂಪೈರ್ ಯುದ್ಧವಿಮಾನ ಮೇಲೆದ್ದದ್ದು 5 ಗಂಟೆ 19 ನಿಮಿಷಕ್ಕೆ. ಸೂರ್ಯ ಮುಳುಗಲು ಒಂದೂವರೆ ಗಂಟೆಯಷ್ಟೇ ಬಾಕಿಯಿತ್ತು.

ಇದರ ಬದಲು ನೀವು ಬರೆದಿರುವ ವಾಕ್ಯ: “ನಮ್ಮ ವೀರ ಗರುಡಗಳು ಶತ್ರು ಟ್ಯಾಂಕುಗಳ ಮೇಲೆ ಬೆಂಕಿಯ ಮಳೆಗರೆದವು.” ಇದರಲ್ಲಿ ಯಾವ ವಿಮಾನ, ಎಲ್ಲಿಂದ, ಎಷ್ಟು ಹೊತ್ತಿಗೆ, ಏನಾಯಿತು, ಯಾವುದೂ ಇಲ್ಲ. ಹೀಗೆ ಬರೆದು ನೋಡಿ: “ಕತ್ತಲಾಗುವ ಮೊದಲು ನಾಲ್ಕು ವ್ಯಾಂಪೈರ್‌ಗಳನ್ನು ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ಕೆಡವಿದ್ದವು.” ಗರುಡ, ಬೆಂಕಿ ಎರಡೂ ಬೇಕಾಗಿಲ್ಲ, ಓದುಗ ತಾನಾಗಿ ನಿಲ್ಲುತ್ತಾನೆ.

ನಾಲ್ಕು ವ್ಯಾಂಪೈರ್ ಕಳೆದುಕೊಂಡದ್ದನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಗೌರವ ಕಡಿಮೆಯಾಗುತ್ತದೆಂಬ ಹಿಂಜರಿಕೆ ಇರಬಹುದು. ಹಾಗೆ ಬಿಟ್ಟರೆ ಅವರ ನಿರ್ಧಾರದ ತೂಕವೇ ಹೋಗುತ್ತದೆ. ವ್ಯಾಂಪೈರ್‌ನ ವೇಗ ಗಂಟೆಗೆ 880 ಕಿ.ಮೀ. ಆಸುಪಾಸು, ಸೇಬರ್‌ನದು 1,100. ಹಳೆಯ ವಿಮಾನ, ಮೂತಿಯ ಭಾಗದ ಕಟ್ಟಣೆ ಮರದ್ದು. ಆದರೂ ಕಳುಹಿಸಿದರು, ಏಕೆಂದರೆ ಆ ಹೊತ್ತಿನಲ್ಲಿ ಛಂಬ್‌ಗೆ ಹತ್ತಿರದ ನೆಲೆಯಲ್ಲಿ ಸಿದ್ಧವಾಗಿ ನಿಂತದ್ದು ವ್ಯಾಂಪೈರ್ ಮತ್ತು ಮಿಸ್ಟೇರ್ ಎಂಬ ಇನ್ನೊಂದು ಯುದ್ಧವಿಮಾನ. ಮುಸ್ಸಂಜೆಯ ಗೊಂದಲದಲ್ಲಿ ನಮ್ಮದೇ ಟ್ಯಾಂಕುಗಳಿಗೂ ನಮ್ಮ ವಿಮಾನಗಳ ಏಟು ಬಿತ್ತು. ಭೂಸೇನೆ ಮತ್ತು ವಾಯುಪಡೆ ಮೊದಲೇ ಕೂತು ಜಂಟಿ ಯೋಜನೆ ಮಾಡಿರಲಿಲ್ಲ. ಯಾವ ಸಾಲಿನ ಆಚೆ ಶತ್ರು, ಈಚೆ ನಮ್ಮವರು ಎಂದು ಪೈಲಟ್‌ಗೆ ಹೇಳುವ ವ್ಯವಸ್ಥೆ ಸಡಿಲವಾಗಿತ್ತು. ಅಂದಿನ ದಾಳಿ ಪಾಕಿಸ್ತಾನದ ಮುನ್ನಡೆಯನ್ನು ನಿಧಾನಗೊಳಿಸಿತು ಎಂಬುದೂ ಅಷ್ಟೇ ನಿಜ. ಲಾಭ, ನಷ್ಟ ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡಿ.

ಅದರ ಮುಂದಿನ ಹೆಜ್ಜೆಯಲ್ಲಿ ಮುಖ್ಯಸ್ಥ ಕಾಣುತ್ತಾನೆ. ಆ ಒಂದು ಸಂಜೆಯ ಪಾಠದಿಂದ ನೂರಕ್ಕೂ ಹೆಚ್ಚು ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಲಾಯಿತು. ಪಠಾಣ್‌ಕೋಟ್‌ಗೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳು ಬಂದವು. ಸೆಪ್ಟೆಂಬರ್ 3ರಂದು ಮಿಸ್ಟೇರ್‌ಗಳನ್ನು ರಾಡಾರ್‌ಗೆ ಕಾಣುವಂತೆ ಹಾರಿಸಿ, ನ್ಯಾಟ್‌ಗಳನ್ನು ನೆಲಕ್ಕೆ ಅಂಟಿಸಿದಂತೆ ತಗ್ಗಿನಲ್ಲಿ ಹಿಂದೆ ಕಳುಹಿಸಿದರು. ಆಮಿಷಕ್ಕೆ ಸೇಬರ್‌ಗಳು ಬಂದವು. ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಅವರಿಗೆ ಮೊದಲ ಸೇಬರ್ ಕೆಡವಿದ ಕೀರ್ತಿ ಸಂದಿತು. ಆ ವಿಮಾನ ಹಾನಿಗೊಂಡು ಮರಳಿತೆಂದು ಪಾಕಿಸ್ತಾನದ ಕಡೆಯವರು ಹೇಳುತ್ತಾರೆ. ಎರಡನ್ನೂ ಬರೆಯಿರಿ. ವಿಮಾನ ನಷ್ಟದ ಯಾವುದೇ ಸಂಖ್ಯೆ ಕೊಟ್ಟರೂ ಅದು ಯಾರ ಲೆಕ್ಕ ಎಂಬುದು ಅದೇ ವಾಕ್ಯದಲ್ಲಿರಲಿ. ಇನ್ನೊಂದು ಮಾತು: ನ್ಯಾಟ್, ವ್ಯಾಂಪೈರ್ ಎರಡೂ ಪರವಾನಗಿಯಡಿ ತಯಾರಾಗುತ್ತಿದ್ದದ್ದು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ. ಕನ್ನಡ ಓದುಗರಿಗೆ ಹೇಳಲೇಬೇಕಾದ ವಿಷಯ ನಿಮ್ಮ ಲೇಖನದಲ್ಲೆಲ್ಲೂ ಬಂದಿಲ್ಲ.

ಸೆಪ್ಟೆಂಬರ್ 6ರ ಸಂಜೆಯನ್ನೂ ಬಿಡಬೇಡಿ. ಪಠಾಣ್‌ಕೋಟ್ ಮೇಲೆ ಸೇಬರ್‌ಗಳು ಎರಗಿ ಎರಡು ಮಿಗ್-21 ಸೇರಿ ಹತ್ತು ವಿಮಾನ ನೆಲದಲ್ಲೇ ನಾಶವಾದವು. ಮರುದಿನ ಬಂಗಾಳದ ಕಲೈಕುಂಡ ನೆಲೆಗೆ ಆಗಿನ ಪೂರ್ವ ಪಾಕಿಸ್ತಾನದ ಢಾಕಾ ಕಡೆಯಿಂದ ಏಟು ಬಿತ್ತು. ಪೂರ್ವದಲ್ಲಿ ಯುದ್ಧ ಬೆಳೆಯುವುದು ಸರ್ಕಾರಕ್ಕೆ ಬೇಕಿರಲಿಲ್ಲ, ಹಾಗಾಗಿ ಅಲ್ಲಿ ವಾಯುಪಡೆಯ ಕೈ ಕಟ್ಟಿತ್ತು. ಏಟು ತಿಂದ ಮೇಲೂ ರಾಜಕೀಯ ನಿರ್ಧಾರಕ್ಕೆ ತಲೆಬಾಗಿ ಪಶ್ಚಿಮದ ಯುದ್ಧ ನಡೆಸಬೇಕಾದ 46 ವರ್ಷದ ಮನುಷ್ಯ: ನೀವು ಹುಡುಕಬೇಕಾದ ಅರ್ಜನ್ ಸಿಂಗ್ ಇಲ್ಲಿದ್ದಾರೆ. ಪಶ್ಚಿಮ ವಾಯು ಕಮಾಂಡಿನ ಏರ್ ವೈಸ್ ಮಾರ್ಷಲ್ ರಾಜಾರಾಮ್, ಉಪಮುಖ್ಯಸ್ಥ ಪಿ.ಸಿ. ಲಾಲ್ ಹೆಸರುಗಳೂ ಬರಲಿ. ಮುಖ್ಯಸ್ಥ ಒಬ್ಬನೇ ಯುದ್ಧ ಮಾಡುವುದಿಲ್ಲ.

ಈಗ ಕೊಡಗಿನ ದೇವಯ್ಯ. ಅವರನ್ನು ಸೇರಿಸಿದ್ದು ಸರಿ, ಸೇರಿಸಿದ ರೀತಿ ತಪ್ಪು. ಕೊನೆಗಳಿಗೆಯಲ್ಲಿ ಅವರು ಏನು ಹೇಳಿದರೆಂದು ನಾಲ್ಕು ಸಾಲಿನ ಮಾತು ಬರೆದಿದ್ದೀರಿ. ಅದನ್ನು ಕೇಳಿದವರು ಯಾರೂ ಇಲ್ಲ, ಪೂರ್ತಿ ಹೊಡೆದುಹಾಕಿ. ಗೊತ್ತಿರುವ ಸಂಗತಿಯೇ ಸಾಕಷ್ಟಿದೆ. ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ನಂ. 1 ಸ್ಕ್ವಾಡ್ರನ್ನಿನ ಮಿಸ್ಟೇರ್ ತಂಡದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕಾದಿರಿಸಿದ ಪೈಲಟ್. ಒಂದು ವಿಮಾನ ಹಿಂದುಳಿದಾಗ ಅವರು ಸೇರಿಕೊಂಡರು. ಅಷ್ಟು ದೂರ ತಗ್ಗಿನಲ್ಲಿ ಹೋದರೆ ಇಂಧನ ಗುರಿಯ ಮೇಲೆ ಕೆಲವೇ ನಿಮಿಷಕ್ಕೆ ಸಾಲುತ್ತದೆ. ಕಾದಾಟಕ್ಕೆ ನಿಂತರೆ ಮರಳುವ ದಾರಿ ಇಲ್ಲ. ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನದ ಏಟು ತಿಂದ ಮೇಲೂ ತಿರುಗಿ ಅದನ್ನೇ ಕೆಡವಿದರು. ಆ ಪೈಲಟ್ ಹೊರಜಿಗಿದು ಬದುಕಿದ, ದೇವಯ್ಯ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನೀವು ಬರೆದಂತೆ 1965ರಲ್ಲಲ್ಲ. 23 ವರ್ಷ ತಡವಾದದ್ದೂ ಕಥೆಯ ಭಾಗ.

ದೇವಯ್ಯ ಹಾರಿದ ನಂ. 1 ಸ್ಕ್ವಾಡ್ರನ್ನನ್ನೇ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಂಫಾಲದಲ್ಲಿ ಹರಿಕೇನ್ ವಿಮಾನಗಳೊಂದಿಗೆ ಮುನ್ನಡೆಸಿದವರು 25 ವರ್ಷದ ಅರ್ಜನ್ ಸಿಂಗ್. ಮಿತ್ರಪಡೆಗಳ ಸೇನಾಪತಿ ಮೌಂಟ್‌ಬ್ಯಾಟನ್ ಅಲ್ಲಿಗೇ ಬಂದು ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯ ಪದಕ ತೊಡಿಸಿದರು. ನಿಮ್ಮ ಲೇಖನದಲ್ಲಿ ಇಂಫಾಲ ಎರಡನೇ ಪುಟದಲ್ಲಿದೆ, ಸರ್ಗೋಧಾ ಆರನೆಯದರಲ್ಲಿ. ನಡುವೆ ಸಂಬಂಧವೇ ಇಲ್ಲ. ಅವೆರಡನ್ನು ಪಕ್ಕಪಕ್ಕ ತನ್ನಿ. ತಾನು ಮುನ್ನಡೆಸಿದ ಸ್ಕ್ವಾಡ್ರನ್ ಈಗ ತನ್ನ ಆದೇಶದ ಮೇಲೆ ಸರ್ಗೋಧಾಕ್ಕೆ ಹೋಗುತ್ತಿದೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನೀವು ಊಹಿಸಿ ಬರೆಯುವ ಅಗತ್ಯ ಬರುವುದಿಲ್ಲ.

ಪದವಿಗಳ ತಪ್ಪು ಬಹಳ. ‘ಸ್ಕ್ವಾಡ್ರನ್ ಲೀಡರ್’ ಎಂಬುದನ್ನು ‘ದಳದ ನಾಯಕ’ ಎಂದು ಕನ್ನಡಿಸಿ, ಸರ್ಗೋಧಾ ದಾಳಿಯನ್ನು ದೇವಯ್ಯ ಮುನ್ನಡೆಸಿದರೆಂದು ಬರೆದುಬಿಟ್ಟಿದ್ದೀರಿ. ಅದು ಪದವಿಯ ಹೆಸರು ಮಾತ್ರ. ತಂಡದ ಮುಂದಿದ್ದವರು ವಿಂಗ್ ಕಮಾಂಡರ್ ತನೇಜಾ. ಪದವಿಗಳನ್ನು ಅನುವಾದಿಸದೆ ಹಾಗೇ ಇಡಿ. 1964ರ ಆಗಸ್ಟ್ 1ರಂದು ಮುಖ್ಯಸ್ಥರಾದಾಗ ಅರ್ಜನ್ ಸಿಂಗ್ ಏರ್ ಮಾರ್ಷಲ್. ಯುದ್ಧ ನಡೆಸಿದ್ದೂ ಅದೇ ಪದವಿಯಲ್ಲಿ. ಏರ್ ಚೀಫ್ ಮಾರ್ಷಲ್ ಆದದ್ದು 1966ರ ಜನವರಿಯಲ್ಲಿ. ಐದು ನಕ್ಷತ್ರದ ‘ವಾಯುಪಡೆಯ ಮಾರ್ಷಲ್’ ಪದವಿ 2002ರ ಜನವರಿಯಲ್ಲಿ, ನಿವೃತ್ತರಾಗಿ 32 ವರ್ಷ ಕಳೆದ ಮೇಲೆ. ನೀವು ಮೂರನ್ನೂ ಕಲಸಿದ್ದೀರಿ.

1969ರ ನಂತರದ ಬದುಕಿಗೆ ಒಂದು ಪ್ಯಾರಾ ಸಾಕು: ಸ್ವಿಟ್ಜರ್ಲೆಂಡ್, ಕೀನ್ಯಾಗಳಲ್ಲಿ ರಾಯಭಾರಿ ಕೆಲಸ, ದೆಹಲಿಯ ಉಪರಾಜ್ಯಪಾಲ ಹುದ್ದೆ, 2016ರಲ್ಲಿ ಪಶ್ಚಿಮ ಬಂಗಾಳದ ಪನಾಗಢ ವಾಯುನೆಲೆಗೆ ಅವರ ಹೆಸರು, 2017ರ ಸೆಪ್ಟೆಂಬರ್ 16ರಂದು 98ನೇ ವಯಸ್ಸಿನಲ್ಲಿ ನಿಧನ. ನೀವು ಆರಂಭಕ್ಕೆ ಇಟ್ಟಿರುವ ದೃಶ್ಯ, 2015ರಲ್ಲಿ ಕಲಾಂ ಅವರ ಪಾರ್ಥಿವ ಶರೀರದ ಮುಂದೆ ಗಾಲಿಕುರ್ಚಿಯಿಂದ ಎದ್ದು ಸೆಲ್ಯೂಟ್ ಹೊಡೆದದ್ದು, ಎಲ್ಲರೂ ನೋಡಿದ ಚಿತ್ರ. ಅದನ್ನು ಈ ಪ್ಯಾರಾದ ಒಂದು ಸಾಲಿಗೆ ತನ್ನಿ.

ಮತ್ತೆ ಬರೆಯುವ ಮುನ್ನ ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ದಿನ ಮತ್ತು ಹೊತ್ತು, ನೆಲೆ, ವಿಮಾನ, ಆದೇಶ ಕೊಟ್ಟವರು, ಪರಿಣಾಮ. ಸೆಪ್ಟೆಂಬರ್ 1ರಿಂದ 23ರ ಕದನವಿರಾಮದವರೆಗೆ ತುಂಬಿಸಿ. ಯಾವ ಮನೆ ಖಾಲಿ ಉಳಿಯುತ್ತದೋ ಅಲ್ಲಿ ನಿಮ್ಮ ವಾಕ್ಯ ವಿಶೇಷಣಕ್ಕೆ ಜಾರುತ್ತದೆ. ಅಲ್ಲಿ ಇನ್ನಷ್ಟು ಓದಿ, ಇಲ್ಲವೇ ಆ ಘಟನೆಯನ್ನೇ ಕೈಬಿಡಿ. ಪಕ್ಕದಲ್ಲಿ ನಕ್ಷೆ ಇಟ್ಟುಕೊಳ್ಳಿ. ಊರು, ವಿಮಾನಗಳ ಹೆಸರು ಕೊನೆಯವರೆಗೂ ಒಂದೇ ರೀತಿ ಇರಲಿ. ನಿಮ್ಮಲ್ಲಿ ‘ನ್ಯಾಟ್’ ಮೂರು ಬಗೆಯಲ್ಲಿದೆ.

ಹೊಸ ಕರಡು 1,600 ಪದ ಮೀರದಿರಲಿ. ಅಂಕಣದ ಹಾಳೆಯನ್ನೂ ಜೊತೆಗೆ ಕಳುಹಿಸಿ. ಮೊದಲು ಅದನ್ನು ನೋಡುತ್ತೇವೆ.

ಸಂಪಾದಕ ಬಳಗ