ಹೊಸ ಬ್ಯಾಡ್ಜರ್ ಬ್ರಷ್ ಪಳಗುವವರೆಗೆ

ಪ್ರಶ್ನೆ: ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್ ಕೊಂಡೆ. ನೀರು ತಾಗಿದರೆ ಸಾಕು, ಒದ್ದೆ ನಾಯಿಯ ವಾಸನೆ ಬರುತ್ತದೆ. ಕುದಿಯುವ ನೀರಿನಲ್ಲಿ ಅದ್ದಿಡಲೇ? ಎಷ್ಟು ದಿನಕ್ಕೆ ಬ್ರಷ್ ಪಳಗುತ್ತದೆ?
— ಓದುಗರು, ಹಾಸನ

ಕುದಿಯುವ ನೀರು ಖಂಡಿತ ಬೇಡ. ಅದಕ್ಕೆ ಕೂದಲು ಒರಟಾಗಿ ಸುರುಟಿಕೊಳ್ಳುತ್ತದೆ, ಬುಡ ಹಿಡಿದಿರುವ ಅಂಟೂ ಸಡಿಲವಾಗುತ್ತದೆ. ಕೈಗೆ ಹಿತವೆನಿಸುವ ಉಗುರುಬೆಚ್ಚಗಿನ ನೀರು ಸಾಕು.

ಪಳಗಿಸುವ ಮಾತು ನಿಜವಾಗಿ ಸೇರಿದ್ದು ಹಂದಿ ಕೂದಲಿನ ಬ್ರಷ್‌ಗೆ. ಅದರ ತುದಿ ಬಳಸಿದಂತೆ ಸೀಳಿ ಮೆತ್ತಗಾಗುತ್ತದೆ, ಅದಕ್ಕೆ ವಾರಗಳೇ ಬೇಕು. ಬ್ಯಾಡ್ಜರ್ ಕೂದಲಿನ ತುದಿ ಹುಟ್ಟಿನಿಂದಲೇ ಸಪೂರ, ಅದು ಸೀಳಬೇಕಾಗಿಲ್ಲ. ಇಲ್ಲಿ ಆಗಬೇಕಾದದ್ದು ಎರಡೇ ಕೆಲಸ: ವಾಸನೆ ಹೋಗಬೇಕು, ಒತ್ತಾಗಿ ಕಟ್ಟಿದ ಕೂದಲು ಅರಳಬೇಕು.

ಬಟ್ಟಲಿನ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಹಾಕಿ. ಬ್ರಷ್ ಅದ್ದಿ, ಅಂಗೈ ಮೇಲೆ ಎರಡು ನಿಮಿಷ ಮೃದುವಾಗಿ ಸುತ್ತಿಸಿ, ನೊರೆ ಬರುವುದು ನಿಲ್ಲುವವರೆಗೆ ತೊಳೆಯಿರಿ. ಇದು ಒಂದು ಸಲ ಸಾಕು. ದಿನವೂ ಮಾಡಿದರೆ ಕೂದಲಿನ ಸಹಜ ಜಿಡ್ಡು ಹೋಗಿ ಅದು ಪೆಡಸಾಗುತ್ತದೆ. ಆಮೇಲೆ ನೀವು ಬಳಸುವ ಶೇವಿಂಗ್ ಸೋಪಿನಿಂದಲೇ ದಟ್ಟವಾದ ನೊರೆ ಕಟ್ಟಿ, ಆ ನೊರೆಯ ಸಮೇತ ಬ್ರಷನ್ನು ರಾತ್ರಿಯಿಡೀ ನಿಲ್ಲಿಸಿಡಿ, ಬೆಳಿಗ್ಗೆ ತೊಳೆಯಿರಿ. ಮೂರು ನಾಲ್ಕು ರಾತ್ರಿ ಹೀಗೆ ಮಾಡಿದರೆ ವಾಸನೆಯ ಬಹುಪಾಲು ಹೋಗುತ್ತದೆ. ಉಳಿದದ್ದು ಒಂದೆರಡು ವಾರದ ಬಳಕೆಯಲ್ಲಿ ತಾನಾಗಿ ಅಳಿಯುತ್ತದೆ. ಅತ್ತರು, ಡೆಟಾಲ್ ಹಾಕುವುದು ಬೇಡ. ವಾಸನೆಗೆ ಇನ್ನೊಂದು ವಾಸನೆ ಸೇರುತ್ತದೆ, ಅಷ್ಟೆ.

ಪ್ರಶ್ನೆ: ಪ್ರತಿ ಶೇವ್‌ನಲ್ಲೂ ಮೂರ್ನಾಲ್ಕು ಕೂದಲು ಮುಖಕ್ಕೆ ಅಂಟುತ್ತವೆ. ಬ್ರಷ್ ಕೆಟ್ಟದ್ದೇ?
— ಓದುಗರು, ದಾವಣಗೆರೆ

ಮೊದಲ ಹತ್ತು ಹನ್ನೆರಡು ಶೇವ್‌ನಲ್ಲಿ ಇದು ಸಹಜ. ಕಟ್ಟುವಾಗ ಅಂಟಿನೊಳಗೆ ಸರಿಯಾಗಿ ಕೂರದ ಕೂದಲುಗಳು ಉದುರುತ್ತವೆ. ತಿಂಗಳಾದರೂ ನಿಲ್ಲದಿದ್ದರೆ, ಅಥವಾ ಗೊಂಚಲಾಗಿ ಬಂದರೆ, ಬುಡದ ಅಂಟೇ ಸರಿಯಿಲ್ಲ. ಕೊಂಡ ಕಡೆ ಬದಲಿಸಿಕೊಳ್ಳಿ.

ಹಾಗೆಂದು ತೀರ್ಮಾನಿಸುವ ಮೊದಲು ನಿಮ್ಮ ಕೈಯನ್ನೂ ಗಮನಿಸಿ. ಬ್ರಷನ್ನು ಕೆನ್ನೆಗೆ ಒತ್ತಿ ಗಿರಗಿರ ತಿರುಗಿಸಿದರೆ ಕೂದಲು ನಡುವೆಯೇ ಮುರಿಯುತ್ತದೆ, ವರ್ಷ ಕಳೆಯುವಷ್ಟರಲ್ಲಿ ಮಧ್ಯದಲ್ಲಿ ಗುಳಿ ಬೀಳುತ್ತದೆ. ಉದುರಿದ ಕೂದಲನ್ನು ನೋಡಿ: ಉದ್ದ ಪೂರ್ತಿ ಇದ್ದರೆ ಬುಡದ ದೋಷ, ತುಂಡಾಗಿದ್ದರೆ ಒತ್ತಡದ ದೋಷ. ನೊರೆ ಹಚ್ಚಲು ತುದಿಯ ಅರ್ಧ ಬಾಗಿದರೆ ಸಾಕು; ಕೊನೆಗೆ ಬಣ್ಣ ಬಳಿದಂತೆ ಆಚೀಚೆ ಎಳೆಯಿರಿ.

ಪ್ರಶ್ನೆ: ದುಬಾರಿ ಬ್ರಷ್, ಆದರೂ ನೊರೆ ನೀರಾಗುತ್ತದೆ. ನಮ್ಮದು ಬೋರ್‌ವೆಲ್ ನೀರು.
— ಓದುಗರು, ಬೆಂಗಳೂರು

ಬ್ಯಾಡ್ಜರ್ ಕೂದಲು ನೀರನ್ನು ತುಂಬಾ ಹಿಡಿದಿಟ್ಟುಕೊಳ್ಳುತ್ತದೆ, ನೊರೆ ತೆಳುವಾಗಲು ಮುಖ್ಯ ಕಾರಣ ಅದೇ. ಎರಡು ನಿಮಿಷ ನೆನೆಸಿ, ಮೂರು ಸಲ ಜಾಡಿಸಿ, ಗಟ್ಟಿ ಸೋಪಿನ ಮೇಲೆ 30 ಸೆಕೆಂಡ್ ಸುತ್ತಿಸಿ. ಕ್ರೀಮ್ ಆದರೆ ಬಾದಾಮಿ ಗಾತ್ರದಷ್ಟು. ನೀರನ್ನು ಆಮೇಲೆ ಹನಿಹನಿಯಾಗಿ ಸೇರಿಸಿ. ಹೊಸ ಬ್ರಷ್ ಮೊದಲ ವಾರ ಹೆಚ್ಚು ಸೋಪು ನುಂಗುತ್ತದೆ. ಕೂದಲು ಅರಳಿದ ಮೇಲೆ ಕಡಿಮೆ ಸಾಕು.

ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ, ಕರಗದ ಬಿಳಿ ಜಿಗುಟಾಗಿ ಬುಡದಲ್ಲಿ ಕೂರುತ್ತದೆ. ಕೂದಲು ಬಿರುಸಾಗುವುದು ಇದರಿಂದ. ಶೇವ್‌ಗೆ ಒಂದು ಲೋಟ ಆರ್‌ಒ ಫಿಲ್ಟರ್ ನೀರು ಬಳಸಿ ನೋಡಿ, ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಭಾಗ ಬಿಳಿ ವಿನೆಗರ್, ಹತ್ತು ಭಾಗ ಬೆಚ್ಚಗಿನ ನೀರು ಬೆರೆಸಿ, ಕೂದಲಷ್ಟೇ ಮುಳುಗುವಂತೆ ಐದು ನಿಮಿಷ ಹಿಡಿದು ಚೆನ್ನಾಗಿ ತೊಳೆಯಿರಿ. ಆಮೇಲೆ ಟವೆಲ್‌ಗೆ ಒರೆಸಿ ಗಾಳಿಯಾಡುವ ಕಡೆ ಇಡಿ. ನಿಲ್ಲಿಸಿದರೂ ಸರಿ, ತಲೆಕೆಳಗಾಗಿ ನೇತುಹಾಕಿದರೂ ಸರಿ. ಒದ್ದೆಯಿರುವಾಗ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಾತ್ರ ಬೂಸ್ಟು ಹಿಡಿಯುತ್ತದೆ.